ಹಾಸ್ಟೆಲಿನ ತುರಿಕೆ ಮತ್ತೆ ಮತ್ತೆ ಯಾಕೆ ಬರುತ್ತದೆ?

ವನದುರ್ಗದಿಂದ ಕಾಲೇಜಿಗೆಂದು ಶಹಾಪುರಕ್ಕೋ ಕಲಬುರಗಿಗೋ ಹೊರಟ ಮಕ್ಕಳ ಜೊತೆ ಎರಡು ಗಂಟು ಹೋಗುತ್ತವೆ. ಒಂದರಲ್ಲಿ ಕಟಕರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದರಲ್ಲಿ ಅಜ್ಜಿ ಹೊಲಿದ ಕೌದಿ. ಹಾಸ್ಟೆಲ್ ಸೇರಿದ ಮೇಲೆ ಎರಡೂ ಒಬ್ಬರವಾಗಿ ಉಳಿಯುವುದಿಲ್ಲ. ರೊಟ್ಟಿ ಹಂಚಿ ತಿನ್ನಲಿ. ಕೌದಿಯ ವಿಷಯದಲ್ಲಿ ಎಚ್ಚರ ಬೇಕು.

ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ಸಣ್ಣ ಗುಳ್ಳೆ, ರಾತ್ರಿಯಾದರೆ ನಿದ್ದೆಗೆಡಿಸುವ ತುರಿಕೆ. ಇದು ಬಹುತೇಕ ಕಜ್ಜಿ, ಡಾಕ್ಟರರು ಸ್ಕೇಬಿಸ್ ಎನ್ನುವುದು ಇದನ್ನೇ. ಕಾರಣ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಒಂದು ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ತುರಿಸುವುದು ಅದರ ಕಡಿತದಿಂದಲ್ಲ. ನುಸಿಯನ್ನೂ ಅದರ ಹೊಲಸನ್ನೂ ನಮ್ಮ ಮೈ ಒಲ್ಲೆನ್ನುವುದರಿಂದ. ಮೊದಲ ಸಲ ತಗುಲಿದಾಗ ಮೈ ಹೀಗೆ ಎಚ್ಚೆತ್ತುಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹಾಸ್ಟೆಲ್ ಸೋಲುವುದು ಇಲ್ಲೇ. ಒಬ್ಬ ತುರಿಸಿಕೊಳ್ಳತೊಡಗಿದಾಗ, ತುರಿಕೆಯೇ ಇಲ್ಲದ ಪಕ್ಕದವನ ಮೈಮೇಲೂ ನುಸಿ ಆಗಲೇ ಇರಬಹುದು. ಒಬ್ಬನೇ ಮುಲಾಮು ಹಚ್ಚಿ ಗುಣವಾದರೆ, ಅದು ಪಕ್ಕದವನಿಂದ ಮರಳಿ ಬರುತ್ತದೆ.

ಆದ್ದರಿಂದ ಕೋಣೆಯವರೆಲ್ಲ ಒಂದೇ ರಾತ್ರಿ ಔಷಧಿ ಹಚ್ಚಿಕೊಳ್ಳಬೇಕು. ಡಾಕ್ಟರರು ಸಾಮಾನ್ಯವಾಗಿ ಬರೆದುಕೊಡುವುದು 5% ಪರ್ಮೆಥ್ರಿನ್ ಕ್ರೀಮು. ಗುಳ್ಳೆ ಇದ್ದಲ್ಲಷ್ಟೇ ಅಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೆ, ಹೊಕ್ಕುಳಲ್ಲಿ ಕೂಡ. ಎಂಟರಿಂದ ಹದಿನಾಲ್ಕು ತಾಸು ಬಿಟ್ಟು ಸ್ನಾನ. ಒಂದು ವಾರದ ನಂತರ ಮತ್ತೊಮ್ಮೆ. ನುಸಿ ಸತ್ತರೂ ತುರಿಕೆ ಎರಡು ಮೂರು ವಾರ ಉಳಿಯುವುದುಂಟು, ಔಷಧಿ ಹತ್ತಲಿಲ್ಲವೆಂದು ಗಾಬರಿ ಬೇಡ.

ನಾನು ಹೆಚ್ಚು ಅಂಜುವುದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳಿಗೆ. ಅವು ತುರಿಕೆಯನ್ನು ಅಡಗಿಸುತ್ತವೆ, ನುಸಿಯನ್ನು ಕೊಲ್ಲುವುದಿಲ್ಲ. ಗುಳ್ಳೆಯ ಗುರುತೇ ಬದಲಾಗಿ ಡಾಕ್ಟರರಿಗೂ ರೋಗ ಹಿಡಿಯುವುದು ಕಷ್ಟವಾಗುತ್ತದೆ.

ನುಸಿ ಹೆಚ್ಚಾಗಿ ದಾಟುವುದು ಮೈಗೆ ಮೈ ತಾಗಿ ಬಹಳ ಹೊತ್ತು ಇದ್ದಾಗ, ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗಿದಾಗ. ಕೌದಿ, ಟವೆಲ್, ಬಟ್ಟೆಯಿಂದ ಹರಡುವುದು ಕಡಿಮೆ, ಆದರೂ ಉಂಟು. ಮೈ ಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಹಚ್ಚಿಕೊಂಡ ರಾತ್ರಿಯ ಮರುದಿನವೇ ಚಾದರ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಯಾದಗಿರಿಯ ಬಿಸಿಲಿಗೆ ಹರವಬೇಕು. ದಪ್ಪ ಕೌದಿ ಒಗೆಯಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಒಂದು ವಾರ ಇಟ್ಟರೆ ಸಾಕು. ಅಜ್ಜಿಯ ಕೌದಿ ಸುಡುವ ಅಗತ್ಯ ಖಂಡಿತ ಇಲ್ಲ.

ಕಜ್ಜಿ ಹೊಲಸಿನವರಿಗೆ ಬರುವ ರೋಗ ಎಂಬ ಮಾತು ಸುಳ್ಳು. ದಿನಾ ಎರಡು ಹೊತ್ತು ಮೀಯುವವರಿಗೂ ಹತ್ತುತ್ತದೆ. ನಾಚಿ ಮುಚ್ಚಿಟ್ಟರೆ ಕೋಣೆಯಿಂದ ಕೋಣೆಗೆ ಹೋಗುತ್ತದೆ. ವಾರ್ಡನ್‌ಗೆ ಮೊದಲ ದಿನವೇ ಹೇಳಿ, ಎಲ್ಲರೂ ಕೂಡಿ ಆಸ್ಪತ್ರೆಗೆ ಹೋಗುವುದು ಲೇಸು.

ಇನ್ನು ರೊಟ್ಟಿಯ ಗಂಟು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣದ ಅಂಶವಿದೆ, ಮುಟ್ಟಾಗುವ ಹುಡುಗಿಯರಿಗೆ ಅದು ಬೇಕೇ ಬೇಕು. ಆದರೆ ರೊಟ್ಟಿ ತಿನ್ನುತ್ತಲೇ ಕುಡಿಯುವ ಚಹಾ ಆ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ನಿಂಬೆಹುಳಿ ಹತ್ತುವಂತೆ ಮಾಡುತ್ತದೆ. ಚಹಾ ಬೇಕೆಂದರೆ ಊಟವಾದ ಒಂದು ತಾಸಿನ ಮೇಲೆ ಕುಡಿಯಲಿ; ಮುಂದಿನ ಗಂಟಿನಲ್ಲಿ ರೊಟ್ಟಿಯ ಜೊತೆ ನಾಲ್ಕು ನಿಂಬೆಹಣ್ಣೂ ಇರಲಿ.