ವರಮಾನ ತೆರಿಗೆ: ಭಯವೇನು, ಲೆಕ್ಕವೇನು?

ವರಮಾನ ತೆರಿಗೆಯೆಂಬ ಮಾತು ಬಂದೊಡನೆ ನಮ್ಮ ಊರುಗಳಲ್ಲಿ ಎರಡು ಬಗೆಯ ಉತ್ತರ ಕೇಳಿಬರುವುದುಂಟು. “ಅದು ಶ್ರೀಮಂತರ ವಿಷಯ, ನಮಗೇಕೆ?” ಎಂಬುದು ಒಂದು. “ಅವರ ಕಣ್ಣಿಗೆ ಬೀಳದಂತಿದ್ದರೆ ಸಾಕು” ಎಂಬುದು ಇನ್ನೊಂದು. ಕಿರಾಣಿ ಅಂಗಡಿಯವರ ಮಗನಾದ ನಾನು ಈ ಎರಡು ಉತ್ತರಗಳನ್ನೂ ಮನೆಯಲ್ಲೇ ಕೇಳಿ ಬೆಳೆದವನು. ಎರಡೂ ತಪ್ಪೆಂದು ತಿಳಿದುದು ಈಚೆಗೆ. ತಿಳಿಯುವಷ್ಟರಲ್ಲಿ ಮನೆಗೆ ನಷ್ಟವಾಗಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದೂ ನನಗೆ ತಿಳಿಯದೆ ಹೋದ ಈ ವಿಷಯವನ್ನು ಸಹಪಾಠಿಗಳ ಮುಂದಿಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

2025ರ ಬೇಸಿಗೆಯಲ್ಲಿ ನನ್ನ ತಂಗಿಯ ನರ್ಸಿಂಗ್ ಓದಿಗಾಗಿ ಸಾಲ ಕೇಳಲು ನಮ್ಮ ತಂದೆಯವರು ಒಂದು ಬ್ಯಾಂಕಿಗೆ ಹೋದರು. ನಾನೂ ಜೊತೆಗಿದ್ದೆ. “ಯಜಮಾನರೇ, ಮೂರು ವರ್ಷದ ರಿಟರ್ನ್ಸ್ ತನ್ನಿ” ಎಂದರು ವ್ಯವಸ್ಥಾಪಕರು. “ತೆರಿಗೆ ಕಟ್ಟುವಷ್ಟು ನಮಗೆಲ್ಲಿ ಬರುತ್ತೆ ಸಾರ್?” ಎಂದು ತಂದೆಯವರು ನಕ್ಕರು. “ಕಟ್ಟಿದ್ದೀರಾ ಅಂತ ನಾನು ಕೇಳಲಿಲ್ಲ. ಎಷ್ಟು ಸಂಪಾದಿಸ್ತೀರಿ ಅಂತ ಎಲ್ಲಾದರೂ ಬರೆದುಕೊಟ್ಟಿದ್ದೀರಾ?” ಎಂದು ಅವರು ಕೇಳಿದರು. ಇಪ್ಪತ್ತೆಂಟು ವರ್ಷ ಅಂಗಡಿ ನಡೆಸಿದವರ ಕೈಯಲ್ಲಿ ಅಂಥ ಒಂದು ಹಾಳೆಯೂ ಇರಲಿಲ್ಲ. ಕೊನೆಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ತಂಗಿಯನ್ನು ಸೇರಿಸಿದೆವು. ಎಂದರೆ ವರ್ಷಕ್ಕೆ ಶೇಕಡ 36.

ವಿಷಯಕ್ಕೆ ಬರುವ ಮೊದಲು ಇತಿಹಾಸದ ಎರಡು ಮಾತು. 1857ರ ಬಂಡಾಯದಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಸದಸ್ಯ 1860ರಲ್ಲಿ ಈ ತೆರಿಗೆಯನ್ನು ಭಾರತಕ್ಕೆ ತಂದನು. ಸ್ವಾತಂತ್ರ್ಯಾನಂತರ 1961ರ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಸಂಸತ್ತು 2025ರಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ನಮ್ಮ ಸಂವಿಧಾನದ ಪ್ರಕಾರ ಕೇಂದ್ರ ಸರ್ಕಾರವು ಕೃಷಿಯೇತರ ವರಮಾನದ ಮೇಲೆ ಮಾತ್ರ ತೆರಿಗೆ ಹಾಕಬಹುದು. ಕೃಷಿ ವರಮಾನದ ತೆರಿಗೆ ರಾಜ್ಯಗಳಿಗೆ ಸೇರಿದುದು. ರೈತನ ರಾಗಿ ಭತ್ತಗಳ ವರಮಾನ ಈ ಕೇಂದ್ರದ ತೆರಿಗೆಗೆ ಒಳಪಡದಿರುವುದು ಇದರಿಂದಲೇ.

ಮೊಟ್ಟಮೊದಲು ತಿಳಿಯಬೇಕಾದುದೇನೆಂದರೆ, ಈ ತೆರಿಗೆ ಬೀಳುವುದು ವರಮಾನದ ಮೇಲೆಯೇ ಹೊರತು ಗಲ್ಲಾಪೆಟ್ಟಿಗೆಗೆ ಬಂದ ಹಣದ ಮೇಲಲ್ಲ. ನೂರು ರೂಪಾಯಿಯ ಬೇಳೆ ಮಾರಿದ ಅಂಗಡಿಯವನಿಗೆ ಆ ನೂರರಲ್ಲಿ ಬಹುಪಾಲು ಸಗಟು ವ್ಯಾಪಾರಿಗೆ, ಬಾಡಿಗೆಗೆ, ವಿದ್ಯುತ್ತಿಗೆ ಹೋಗುತ್ತದೆ. ಉಳಿದುದೇ ಅವನ ವರಮಾನ.

ಎರಡನೆಯದಾಗಿ ದರದ ಮಾತು. 2025-26ರ ವರಮಾನಕ್ಕೆ ಹೊಸ ಪದ್ಧತಿಯಲ್ಲಿ ಗೊತ್ತುಪಡಿಸಿದ ದರಗಳಿವು: ಮೊದಲ 4 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ, 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇಕಡ 5, 8ರಿಂದ 12ರವರೆಗೆ ಶೇಕಡ 10, 12ರಿಂದ 16ರವರೆಗೆ 15, 16ರಿಂದ 20ರವರೆಗೆ 20, 20ರಿಂದ 24ರವರೆಗೆ 25, ಅದಕ್ಕೆ ಮೇಲ್ಪಟ್ಟುದಕ್ಕೆ 30. ಇದರ ಮೇಲೆ ತೆರಿಗೆಯ ಶೇಕಡ 4ರಷ್ಟು ಸೆಸ್ಸು. ವಿಮೆ, ಭವಿಷ್ಯನಿಧಿ ಮೊದಲಾದವುಗಳಿಗೆ ರಿಯಾಯಿತಿ ಬೇಕೆನ್ನುವವರಿಗೆ ಹಳೆಯ ಪದ್ಧತಿಯೂ ಇದೆ. ಅದರ ದರಗಳು ಬೇರೆ.

ದರದ ಮೆಟ್ಟಿಲನ್ನು ಒಂದು ರೂಪಾಯಿ ಹತ್ತಿದರೆ ಇಡೀ ವರಮಾನಕ್ಕೆ ಹೆಚ್ಚಿನ ದರ ಬೀಳುತ್ತದೆಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಸಂಬಳದವರಿಗೆ ಸಿಗುವ 75,000 ರೂಪಾಯಿಯ ಕಡಿತವನ್ನು ಕಳೆದು 14 ಲಕ್ಷ ರೂಪಾಯಿ ಉಳಿದ ಅಧ್ಯಾಪಕರೊಬ್ಬರನ್ನು ತೆಗೆದುಕೊಳ್ಳೋಣ. ಎರಡನೆಯ ನಾಲ್ಕು ಲಕ್ಷಕ್ಕೆ 20,000, ಮೂರನೆಯ ನಾಲ್ಕು ಲಕ್ಷಕ್ಕೆ 40,000, ಮೇಲಿನ ಎರಡು ಲಕ್ಷಕ್ಕೆ 30,000; ಒಟ್ಟು 90,000. ಸೆಸ್ಸು ಸೇರಿ 93,600 ರೂಪಾಯಿ. ಪ್ರತಿ ಮೆಟ್ಟಿಲಿಗೂ ಅದರದರ ದರ.

ಹಾಗಾದರೆ 12 ಲಕ್ಷದವರೆಗೆ ತೆರಿಗೆಯಿಲ್ಲವೆಂದು ಜನ ಹೇಳುವುದೇಕೆ? 12 ಲಕ್ಷಕ್ಕೆ ಮೇಲಿನ ಲೆಕ್ಕದಂತೆ 60,000 ರೂಪಾಯಿ ತೆರಿಗೆಯಾಗುತ್ತದೆ. ಅಷ್ಟು ವರಮಾನದವರೆಗಿನವರಿಗೆ ಸರ್ಕಾರ ಆ 60,000ವನ್ನು ಮನ್ನಾ ಮಾಡುತ್ತದೆ. ಮನ್ನಾ ಬೇರೆ, ಮಿತಿ ಬೇರೆ. ತೆರಿಗೆಯಿಲ್ಲದ ಮೂಲ ಮಿತಿ 4 ಲಕ್ಷವೇ. ಆದುದರಿಂದ ವರಮಾನ 4 ಲಕ್ಷವನ್ನು ದಾಟಿದವರು, ಕಟ್ಟಬೇಕಾದ ತೆರಿಗೆ ಸೊನ್ನೆಯಾದರೂ ವಿವರಪತ್ರವನ್ನು, ಎಂದರೆ ಜನರ ಬಾಯಲ್ಲಿರುವ ‘ರಿಟರ್ನ್ಸ್’ಅನ್ನು, ಸಲ್ಲಿಸಲೇಬೇಕು. ಮಿತಿಯೊಳಗಿನವರು ತಾವಾಗಿ ಸಲ್ಲಿಸಲು ಅಡ್ಡಿಯಿಲ್ಲ. ತೆರಿಗೆ ಕಟ್ಟುವುದು ಒಂದು ಕೆಲಸ, ವಿವರ ಕೊಡುವುದು ಇನ್ನೊಂದು ಕೆಲಸ. ನಮ್ಮ ಮನೆಯವರು ಕಾಣದೆ ಹೋದ ಭೇದವಿದೇ.

ಇನ್ನು ಸ್ವಂತ ಉದ್ಯೋಗದವರು. ದಿನದಿನದ ಖರ್ಚಿಗೆಲ್ಲ ರಸೀದಿ ಇಡುವುದು ಸಣ್ಣ ವ್ಯಾಪಾರಿಗೆ ಸಾಧ್ಯವೇ ಎಂಬ ಪ್ರಶ್ನೆಗೆ ಕಾಯಿದೆಯಲ್ಲೇ ಉತ್ತರವಿದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿಯೊಳಗಿದ್ದರೆ, ನಗದಾಗಿ ಬಂದ ಹಣದಲ್ಲಿ ಶೇಕಡ 8ನ್ನೂ ಬ್ಯಾಂಕು ಅಥವಾ ಫೋನಿನ ಮೂಲಕ ಬಂದ ಹಣದಲ್ಲಿ ಶೇಕಡ 6ನ್ನೂ ಲಾಭವೆಂದು ಅಂದಾಜು ಮಾಡಿ ತೋರಿಸಬಹುದು. ನಗದಿನ ಪಾಲು ಶೇಕಡ 5ನ್ನು ಮೀರದಿದ್ದರೆ ಈ ಮಿತಿ 3 ಕೋಟಿ. ವೈದ್ಯರು, ವಕೀಲರು, ಎಂಜಿನಿಯರುಗಳು ಮೊದಲಾದ ವೃತ್ತಿಯವರು 50 ಲಕ್ಷದವರೆಗಿನ ಸಂಪಾದನೆಯಲ್ಲಿ ಅರ್ಧವನ್ನು ವರಮಾನವೆಂದು ತೋರಿಸಬಹುದು. ನಗದು ಹಾಗೆಯೇ ಕಡಿಮೆಯಿದ್ದರೆ 75 ಲಕ್ಷದವರೆಗೆ. ಕಮಿಷನ್ನು, ದಲ್ಲಾಳಿಗಳಿಂದ ಬರುವ ಸಂಪಾದನೆಗೆ ಈ ಸೌಲಭ್ಯ ಅನ್ವಯಿಸದು. ಒಂದು ಎಚ್ಚರಿಕೆ: ಈ ಅಂದಾಜು ಕನಿಷ್ಠದ ಗೆರೆ. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ತೋರಿಸುವುದು ಧರ್ಮ, ಕಾನೂನೂ ಅದೇ.

ನಮ್ಮ ಅಂಗಡಿಯ ಲೆಕ್ಕವನ್ನೇ ನೋಡಿ. ವರ್ಷದ ವಹಿವಾಟು ಸುಮಾರು 36 ಲಕ್ಷ. ಅದರಲ್ಲಿ ಫೋನಿನಿಂದ 24, ನಗದು 12. ಅಂದಾಜಿನಂತೆ 1,44,000 ಮತ್ತು 96,000, ಕೂಡಿ 2,40,000 ರೂಪಾಯಿ. ಎಲ್ಲವೂ ನಗದಾಗಿದ್ದರೆ 2,88,000 ಆಗುತ್ತಿತ್ತು. ನಮಗೆ ನಿಜವಾಗಿ ಉಳಿಯುವುದು ಸುಮಾರು 3,20,000. ಹೇಗೆ ನೋಡಿದರೂ ತೆರಿಗೆ ಸೊನ್ನೆ!

ಇದು ತಿಳಿಯದೆ ನಾವು ಇನ್ನೊಂದು ತಪ್ಪನ್ನು ಮಾಡಿದೆವು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಫೋನಿನ ಮೂಲಕ ಬಂದ ಹಣವನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ನಮ್ಮ ತಂದೆಯವರೂ ಕ್ಯೂಆರ್ ಫಲಕವನ್ನು ಮಗುಚಿಟ್ಟರು. ಆದರೆ ಆ ನೋಟೀಸುಗಳು ಜಿಎಸ್‌ಟಿಗೆ ಸಂಬಂಧಿಸಿದವು, ವರಮಾನ ತೆರಿಗೆಗಲ್ಲ. ಜಿಎಸ್‌ಟಿ ನೋಂದಣಿಯನ್ನು ವಹಿವಾಟು ನಿರ್ಧರಿಸುತ್ತದೆ: ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ. ವರಮಾನ ತೆರಿಗೆಯನ್ನು ಲಾಭ ನಿರ್ಧರಿಸುತ್ತದೆ. ಅಲ್ಲದೆ ನಗದಾಗಿ ಪಡೆದರೂ ವಹಿವಾಟು ವಹಿವಾಟೇ. ವರಮಾನ ತೆರಿಗೆಯ ಮಟ್ಟಿಗಂತೂ ಫಲಕವನ್ನು ಮಗುಚಿ ಶೇಕಡ 6ರ ಅನುಕೂಲವನ್ನು ನಾವೇ ಬಿಟ್ಟು 8ಕ್ಕೆ ಹೋಗಿದ್ದೆವು.

ವಿವರ ಕೊಡದಿದ್ದರೆ ಕೈಯಲ್ಲಿದ್ದ ಹಣವೂ ಹೋಗುವುದುಂಟು. ನಮ್ಮ ಸೋದರಮಾವ ಕಟ್ಟಡಗಳಿಗೆ ವೈರಿಂಗ್ ಗುತ್ತಿಗೆ ಹಿಡಿಯುತ್ತಾರೆ. ಒಂದು ವರ್ಷ ಅವರಿಗೆ ಬಂದ 9 ಲಕ್ಷ ರೂಪಾಯಿಯ ಬಿಲ್ಲಿನಲ್ಲಿ, ಕೊಟ್ಟವರು ನಿಯಮದಂತೆ ಶೇಕಡ 1ರ ಟಿಡಿಎಸ್ ಮುರಿದು 9,000 ರೂಪಾಯಿಯನ್ನು ಇವರ ಪ್ಯಾನ್ ಸಂಖ್ಯೆಗೆ ಜಮಾ ಮಾಡಿದ್ದರು. ಕೂಲಿ ಸಾಮಾನು ಕಳೆದು ಅವರಿಗೆ ಉಳಿದುದು ತೆರಿಗೆಯ ಮಿತಿಯೊಳಗೇ. ವಿವರಪತ್ರ ಸಲ್ಲಿಸಿದ್ದರೆ ಅಷ್ಟೂ ಹಿಂದಕ್ಕೆ ಬರುತ್ತಿತ್ತು. “ಸರ್ಕಾರಕ್ಕೆ ಹೋದದ್ದು ಮತ್ತೆ ಬರುತ್ತದೆಯೇನಪ್ಪ?” ಎಂದು ಅವರು ಸುಮ್ಮನಾದರು. ಅವಧಿ ಮುಗಿಯಿತು. ತೆರಿಗೆ ಬಾಕಿಯಿದ್ದವರು ಹೆಚ್ಚುವರಿ ಹಣ ಕಟ್ಟಿ ನಾಲ್ಕು ವರ್ಷದವರೆಗೆ ಪರಿಷ್ಕೃತ ವಿವರ ಕೊಡಲು ದಾರಿಯಿದೆ. ಬಾಕಿಯಿಲ್ಲದವರಿಗೂ ಹಣ ಹಿಂದಕ್ಕೆ ಬರಬೇಕಾದವರಿಗೂ ಆ ದಾರಿಯಿಲ್ಲ. ತಂದೆಯವರು ಕಳೆದ ಮೂರು ವರ್ಷದ ಹಾಳೆಗಳನ್ನು ಒಟ್ಟಿಗೆ ಸಿದ್ಧಪಡಿಸಲಾಗದೆ ಹೋದುದೂ ಇದರಿಂದಲೇ.

ತೆರಿಗೆ ಬೀಳುವವರು ಇನ್ನೊಂದನ್ನು ನೆನಪಿಡಬೇಕು. ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಮುಂಗಡವಾಗಿ ಕಟ್ಟಬೇಕು. ಅಂದಾಜು ಲಾಭದ ಪದ್ಧತಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ತಡವಾದರೆ ಬಡ್ಡಿ ಬೀಳುತ್ತದೆ.

ಈಗ ಅಂಗಡಿಯ ಫಲಕ ಮತ್ತೆ ಮುಖ ಮೇಲಾಗಿದೆ. ರಾತ್ರಿ ಬಾಗಿಲು ಹಾಕಿದ ಮೇಲೆ ನಾನೂ ತಂದೆಯವರೂ ಅರ್ಧ ಗಂಟೆ ಕುಳಿತು ಆ ದಿನದ ನಗದನ್ನೂ ಫೋನಿನ ಹಣವನ್ನೂ ಬೇರೆ ಬೇರೆಯಾಗಿ ಬರೆಯುತ್ತೇವೆ. 2025-26ರಿಂದ ನಮ್ಮ ಮೊದಲ ವಿವರಪತ್ರ. ಇಲಾಖೆಯ ಜಾಲತಾಣದಲ್ಲಿ ಇದನ್ನು ಸಲ್ಲಿಸಲು ಶುಲ್ಕವಿಲ್ಲ. ತೆರಿಗೆಯ ಕಲಮಿನಲ್ಲಿ ಸೊನ್ನೆಯೇ ಇರುತ್ತದೆ. ಆದರೆ ಆ ಸೊನ್ನೆಯನ್ನು ಕಾಗದದ ಮೇಲೆ ಬರೆದುಕೊಡದಿದ್ದುದಕ್ಕೆ ನಾವು ತೆತ್ತ ಬೆಲೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ.

ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ಅಂಗಡಿ, ಆಟೋ, ಹೊಲಿಗೆ, ಗುತ್ತಿಗೆಗಳನ್ನು ನಂಬಿದ ಮನೆಗಳಿಂದ ಬಂದವರು. ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ಸಂಜೆ ತಂದೆತಾಯಿಗಳ ಪಕ್ಕದಲ್ಲಿ ಕುಳಿತು, ಬಂದುದೆಷ್ಟು, ಹೋದುದೆಷ್ಟು, ಉಳಿದುದೆಷ್ಟು ಎಂದು ಬರೆದು ನೋಡಬೇಕೆಂದು ಮಿತ್ರರಲ್ಲಿ ನನ್ನ ವಿನಂತಿ. ನಾವು ಓದಿದ ಓದು ಮನೆಗೆ ಮೊದಲು ಸಲ್ಲಬೇಕಾದುದು ಹೀಗೆಯೇ.