ಟ್ರ್ಯಾಕ್ಟರಿನ ಬ್ಯಾಟರಿ: ಎರವಲು ವಿದ್ಯುತ್ತಿನಿಂದ ಚಾಲೂ ಮಾಡುವ ಕ್ರಮ ಮತ್ತು ಆರೈಕೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತಿಗೆಯ ಹದವು ಕೆಲವೇ ದಿವಸ ನಿಲ್ಲುತ್ತದೆ. ನೆಲವು ಗಾಲಿಯನ್ನು ತಾಳುವಷ್ಟು ಆರಿದ ಮೇಲೆ, ಮೇಲ್ಮಣ್ಣು ಒಣಗಿ ಬಿರಿಯುವದಕ್ಕೆ ಮೊದಲೇ ಜೋಳ, ಕಡಲೆಗಳ ಬಿತ್ತಿಗೆ ಮುಗಿಯಬೇಕು. ವಾರಗಟ್ಟಲೆ ನಿಂತಿದ್ದ ಟ್ರ್ಯಾಕ್ಟರು ಅಂಥ ಮುಂಜಾವಿನಲ್ಲಿ ಚಾಲೂ ಆಗದಿದ್ದರೆ ಒಕ್ಕಲಿಗನು ಆತುರಪಡುವದು ಸಹಜ. ಆದರೆ ಕಣ್ಣಿಗೂ ಜೀವಕ್ಕೂ ಅಪಾಯವೊದಗುವದು ಆ ಆತುರದಿಂದಲೇ.

ಅಪಾಯದ ಕಾರಣ:— 12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ 6 ಸೆಲ್ಲುಗಳಿರುತ್ತವೆ. ಅವುಗಳಲ್ಲಿ ಸೀಸದ ಪ್ಲೇಟುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತು ತುಂಬುವಾಗ ಇವುಗಳಿಂದ ಜಲಜನಕ ವಾಯುವು ಹೊರಡುತ್ತದೆ. ಅದಕ್ಕೆ ಒಂದು ಕಿಡಿ ತಗಲಿದರೂ ಬ್ಯಾಟರಿಯು ಸಿಡಿದು ಆಮ್ಲವು ಮುಖಕ್ಕೆ ಹಾರಬಹುದು. ಕಿಡಿಯನ್ನು ಬ್ಯಾಟರಿಯಿಂದ ದೂರವಿಡುವದೇ ಮುಂದೆ ಹೇಳಿದ ಕ್ರಮದ ಉದ್ದೇಶವು.

ಚಾಲೂ ಮಾಡುವ ಕ್ರಮ:— ಋಣ ತುದಿಯನ್ನು ಯಂತ್ರದ ಮೈಗೆ ಜೋಡಿಸಿರುವ ಈಗಿನ ಟ್ರ್ಯಾಕ್ಟರುಗಳಿಗೆ ಇದು ಅನ್ವಯಿಸುತ್ತದೆ.

1. ಎರಡೂ ಬ್ಯಾಟರಿಗಳು 12 ವೋಲ್ಟಿನವೇ ಆಗಿರಬೇಕು. ಒಡೆದ ಅಥವಾ ಉಬ್ಬಿದ ಬ್ಯಾಟರಿಗೆ ಕೇಬಲು ಜೋಡಿಸಕೂಡದು.
2. ವಾಹನಗಳೆರಡೂ ಒಂದನ್ನೊಂದು ತಾಕದಂತೆ ನಿಲ್ಲಲಿ. ಎಂಜಿನ್ನುಗಳನ್ನು ಬಂದು ಮಾಡಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು ಬ್ರೇಕು ಹಾಕಬೇಕು. ಬೀಡಿ, ದೀಪಗಳು ಹತ್ತಿರ ಬರಕೂಡದು.
3. ಕೆಂಪು ಕೇಬಲನ್ನು ಮೊದಲು ಇಳಿದ ಬ್ಯಾಟರಿಯ ಧನ (+) ತುದಿಗೂ, ಆಮೇಲೆ ಒಳ್ಳೆಯ ಬ್ಯಾಟರಿಯ ಧನ ತುದಿಗೂ ಜೋಡಿಸಬೇಕು.
4. ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ಋಣ (–) ತುದಿಗೆ ಜೋಡಿಸಿ, ಇನ್ನೊಂದು ತುದಿಯನ್ನು ಕೆಟ್ಟುನಿಂತ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಹಿಡಿಸಬೇಕು. ಕಡೆಯ ಜೋಡಣೆಯಲ್ಲಿಯೇ ಕಿಡಿ ಹಾರುವದರಿಂದ ಇದು ಅವಶ್ಯಕ.
5. ಒಳ್ಳೆಯ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ತರುವಾಯ ಸೀಟಿನಲ್ಲಿ ಕುಳಿತೇ ಇನ್ನೊಂದನ್ನು ಚಾಲೂ ಮಾಡಬೇಕು. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಟಾರ್ಟರನ್ನು ತಿರುಗಿಸಬಾರದು.
6. ಕೇಬಲುಗಳನ್ನು ಇದರ ತಿರುಗುಮುರುಗು ಕ್ರಮದಲ್ಲಿ ಬಿಚ್ಚಬೇಕು.

ನೆಲದ ಮೇಲೆ ನಿಂತು ಪಾನಾವನ್ನು ಸ್ಟಾರ್ಟರಿನ ಎರಡು ತುದಿಗಳಿಗೆ ತಾಗಿಸಿ ಚಾಲೂ ಮಾಡುವದು ಪ್ರಾಣಾಂತಿಕವಾದ ರೂಢಿ. ಗೇರು ಬಿದ್ದಿದ್ದರೆ ಯಂತ್ರವು ಒಮ್ಮೆಲೆ ಮುನ್ನುಗ್ಗಿ, ನಿಂತವನ ಮೇಲೆ ಹಿಂಗಾಲಿಯು ಹಾಯುವದು. ಆಮ್ಲವು ಕಣ್ಣಿಗೆ ಸಿಡಿದರೆ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಆರೈಕೆ:— ಎರವಲು ವಿದ್ಯುತ್ತು ಆ ಹೊತ್ತಿನ ಉಪಾಯವೇ ಹೊರತು ಚಿಕಿತ್ಸೆಯಲ್ಲ. ಬ್ಯಾಟರಿಯು ಏಕೆ ಇಳಿಯಿತೆಂಬುದನ್ನು ಕಂಡುಹಿಡಿಯಬೇಕು. ರಾತ್ರಿಯಿಡೀ ನಿಂತ ಬ್ಯಾಟರಿಯು ವೋಲ್ಟ್‌ಮೀಟರಿನಲ್ಲಿ ಸುಮಾರು 12.6 ತೋರಿಸಿದರೆ ತುಂಬಿದೆಯೆಂದು ತಿಳಿಯಬೇಕು. ಎಂಜಿನ್ನು ಓಡುವಾಗ ಅದು 13.8ರಿಂದ 14.5ರವರೆಗೆ ಏರದಿದ್ದರೆ ದೋಷವು ಬೆಲ್ಟಿನಲ್ಲಿ, ತಂತಿಗಳಲ್ಲಿ, ಇಲ್ಲವೆ ರೂಢಿಯಲ್ಲಿ ಡೈನಮೋ ಎನ್ನುವ ಆಲ್ಟರ್ನೇಟರಿನಲ್ಲಿ ಇರಬಹುದು. ಪರೀಕ್ಷೆಗೆಂದು ಓಡುವ ಎಂಜಿನ್ನಿನ ಬ್ಯಾಟರಿ ತಂತಿಯನ್ನು ಕೀಳಬಾರದು. ಆಲ್ಟರ್ನೇಟರಿನ ಡಯೋಡುಗಳು ಸುಡುವವು.

ಎರೆಮಣ್ಣಿನ ಧೂಳು ತೇವದೊಡನೆ ಬ್ಯಾಟರಿಯ ಮೇಲೆ ಕೂತರೆ ವಿದ್ಯುತ್ತು ಮೆಲ್ಲನೆ ಸೋರುತ್ತದೆ, ಅದನ್ನು ಒರೆಸುತ್ತಿರಬೇಕು. ತುದಿಗಳಿಗೆ ಹಿಡಿದ ಬಿಳಿ-ಹಸಿರು ಕಿಲುಬನ್ನು ಅಡಿಗೆ ಸೋಡಾ ಕಲಸಿದ ಬೆಚ್ಚನೆಯ ನೀರಿನಿಂದ ತೊಳೆದು ವ್ಯಾಸಲಿನ್ ಸವರಬೇಕು. ಸೋಡಾ ನೀರು ಸೆಲ್ಲುಗಳ ಒಳಗೆ ಇಳಿಯಬಾರದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ಪ್ಲೇಟುಗಳು ಮುಳುಗಿರುವಂತೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು; ಬಾವಿಯ ನೀರಾಗಲಿ ಹೊಸ ಆಮ್ಲವಾಗಲಿ ಸಲ್ಲದು.

ಕೆಲಸವಿಲ್ಲದ ತಿಂಗಳುಗಳಲ್ಲಿ ಮೊದಲು ಋಣ ತುದಿಯ ತಂತಿಯನ್ನು ಬಿಚ್ಚಿ, ಬ್ಯಾಟರಿಯನ್ನು ತಂಪಾದ, ಗಾಳಿಯಾಡುವ ಸ್ಥಳದಲ್ಲಿಟ್ಟು, ತಿಂಗಳಿಗೊಮ್ಮೆ ಪರೀಕ್ಷಿಸಿ ತುಂಬಿಸಬೇಕು. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಪ್ಲೇಟುಗಳ ಮೇಲೆ ಲವಣವು ಗಟ್ಟಿಯಾಗಿ ಅದು ಮರಳಿ ತುಂಬದು. ಬೀಜವನ್ನೂ ಕೂರಿಗೆಯನ್ನೂ ಮುಂಚಿತವಾಗಿ ಸಜ್ಜುಮಾಡುವ ಒಕ್ಕಲಿಗನು ಬ್ಯಾಟರಿಯನ್ನೂ ಆಗಲೇ ನೋಡಿಕೊಂಡರೆ, ಬಿತ್ತಿಗೆಯ ಹದವು ಕೈತಪ್ಪದು.