ಹಳೆಯ ಹದಿನಾರು ಮತ್ತು ಅಪ್ಪನ ಜಾವಾ

ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ಶ್ರೀಪೆರಂಬದೂರಿನ ಕಡೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಬ್ರೇಕ್ ಪರೀಕ್ಷಿಸುವುದು ನನ್ನ ಕೆಲಸ. ಇರುಂಗಾಟ್ಟುಕೋಟ್ಟೈನ ರೇಸ್ ಟ್ರ್ಯಾಕ್ ಅಲ್ಲಿಂದ ದೂರವೇನಿಲ್ಲ. ನಮ್ಮ ವಿಭಾಗದಲ್ಲಿದ್ದು ನಿವೃತ್ತರಾದ ತಮಿಳು ಹಿರಿಯರೊಬ್ಬರು ಆ ಟ್ರ್ಯಾಕ್ ಬರುವುದಕ್ಕೂ ಮೊದಲಿನ ಕಾಲದವರು. ಎರಡನೇ ಮಹಾಯುದ್ಧದ ಕಾಲದ ಶೋಲಾವರಂ ರನ್‌ವೇ ಮೇಲೆ ರೇಸ್ ನಡೆಯುತ್ತಿದ್ದಾಗ ತಾವೇ ತೆಗೆದ ಫೋಟೊಗಳನ್ನು ಆಲ್ಬಮ್ಮಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪ್ರತಿ ಫೋಟೊದ ಕೆಳಗೂ ಚಾಲಕನ ಹೆಸರಿನ ಜೊತೆಗೆ ಮೆಕ್ಯಾನಿಕ್‌ನ ಹೆಸರೂ ಇದೆ. ಯಾಕೆ ಎಂದು ಕೇಳಿದ್ದಕ್ಕೆ, ‘ಗೆದ್ದವನ ಹೆಸರು ಪೇಪರಿನವರು ಬರೀತಾರೆ. ಇವರದ್ದು ನಾನು ಬರೆಯದೇ ಇದ್ದರೆ ಇನ್ಯಾರು ಬರೀತಾರೆ?’ ಎಂದಿದ್ದರು.

ಹೋದ ವರ್ಷ ಕಂಪನಿಯ ಕೆಲಸಕ್ಕೆಂದು ಮೂರು ವಾರ ಅಮೆರಿಕದ ಡೆಟ್ರಾಯಿಟ್‌ಗೆ ಹೊರಟಾಗ ಅವರು ಹೇಳಿದ್ದು ಒಂದೇ ಮಾತು: ‘ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ ಇದೆ. ಅಲ್ಲಿರುವ ಓಲ್ಡ್ ಸಿಕ್ಸ್‌ಟೀನ್ ನೋಡದೆ ಬರಬೇಡ.’

ಹೊರಡುವ ಗಡಿಬಿಡಿಯಲ್ಲೇ ಇನ್ನೊಂದು ಕೆಲಸ ಮುಗಿಸಿದ್ದೆ. ನಂಜನಗೂಡಿನ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಅಪ್ಪನ 1969ರ ಜಾವಾ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ ಗಾಡಿ. ಅಪ್ಪ ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ. ತಮ್ಮನಿಗೆ ಹಣ ಕಳಿಸಿ, ‘ಹೊಸದರ ಹಾಗೆ ಮಾಡಿಸು. ಮೊದಲು ಟ್ಯಾಂಕಿನ ಮೇಲಿನ ಆ ನೆಗ್ಗು ತೆಗೆಸು’ ಎಂದಿದ್ದೆ. ಆ ನೆಗ್ಗಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೆನ್ರಿ ಫೋರ್ಡ್ ಮ್ಯೂಸಿಯಂ ಒಂದು ದಿನದಲ್ಲಿ ನೋಡಿ ಮುಗಿಯುವಂಥದ್ದಲ್ಲ. ರೋಸಾ ಪಾರ್ಕ್ಸ್ ಸೀಟು ಬಿಟ್ಟುಕೊಡದ ಬಸ್ಸು ಅಲ್ಲಿದೆ, ಅಧ್ಯಕ್ಷ ಕೆನಡಿ ಗುಂಡೇಟು ತಿಂದ ಕಾರು ಅಲ್ಲಿದೆ. ಜನ ಅವುಗಳ ಸುತ್ತ ಮುತ್ತಿಕೊಂಡಿದ್ದರು. ನಾನು ಹುಡುಕಿಕೊಂಡು ಹೋದ ಕಾರಿನ ಮುಂದೆ ಅಷ್ಟು ಜನರಿರಲಿಲ್ಲ. ಮೊದಲ ನೋಟಕ್ಕೆ ನನಗೆ ನಿರಾಸೆಯೇ ಆಯಿತು. ಬಣ್ಣ ಮಾಸಿದೆ, ಲೋಹ ಕಪ್ಪಿಟ್ಟಿದೆ. ಬಾಗಿಲಿಲ್ಲ, ಮುಂದೆ ಗಾಜಿಲ್ಲ. ಎರಡು ಸೀಟು, ಅವುಗಳ ಹಿಂದೆ ಪೆಟ್ರೋಲ್ ಟ್ಯಾಂಕ್, ಮುಂದೆ ಬೃಹತ್ ಎಂಜಿನ್, ಅದರ ಮೇಲೆ 16 ಎಂಬ ಅಂಕಿ. ಇಷ್ಟು ದೊಡ್ಡ ಮ್ಯೂಸಿಯಮ್ಮಿನವರಿಗೆ ಒಂದು ಕೋಟ್ ಬಣ್ಣ ಹೊಡೆಸಲು ಆಗಲಿಲ್ಲವೇ ಅನಿಸಿತು.

ಆ ಬಣ್ಣ 1908ರದ್ದು ಎಂದು ತಿಳಿದ ಮೇಲೆ ಮಾತ್ರ ಅಲ್ಲಿಂದ ಕದಲಲಾಗಲಿಲ್ಲ.

ಕಥೆ ಶುರುವಾಗುವುದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರು ಎಂದರೆ ಯುರೋಪಿನ ಕಾರು. ಅಮೆರಿಕದಲ್ಲಿ ರೇಸ್ ನಡೆದಿರಲಿಲ್ಲ ಎಂದಲ್ಲ. 1895ರಲ್ಲೇ ಶಿಕಾಗೊದಲ್ಲಿ ಹಿಮ ಬಿದ್ದ ರಸ್ತೆಯ ಮೇಲೆ ಫ್ರಾಂಕ್ ಡುರಿಯಾ ಸುಮಾರು 54 ಮೈಲಿ ಓಡಿಸಿ ಗೆದ್ದಿದ್ದರು. ಸರಾಸರಿ ವೇಗ ಗಂಟೆಗೆ ಏಳು ಮೈಲಿ! ಆದರೆ ಫ್ರಾನ್ಸಿನ ಕಾರುಗಳ ಎದುರು ನಿಲ್ಲುವ ಕಾರು ಅಲ್ಲಿ ತಯಾರಾಗಿರಲಿಲ್ಲ. ಶ್ರೀಮಂತ ಮನೆತನದ ಯುವಕ ವಿಲಿಯಂ ಕೆ. ವಾಂಡರ್‌ಬಿಲ್ಟ್ ಜೂನಿಯರ್, ಟಿಫನಿಯವರಿಂದ ದೊಡ್ಡ ಬೆಳ್ಳಿಯ ಕಪ್ ಮಾಡಿಸಿ ಪಂದ್ಯವೊಂದನ್ನು ಘೋಷಿಸಿದರು. ವಿದೇಶಿಯರು ಬರಲಿ, ಅವರನ್ನು ನೋಡಿ ನಮ್ಮವರು ಕಲಿಯಲಿ ಎಂಬುದು ಉದ್ದೇಶ. ಅದೇ ವಾಂಡರ್‌ಬಿಲ್ಟ್ ಕಪ್.

1904ರ ಅಕ್ಟೋಬರ್ 8ರ ಬೆಳಿಗ್ಗೆ ಆರು ಗಂಟೆಗೆ ಮೊದಲ ರೇಸ್. ಓಡಿಸಿದ್ದು ಟ್ರ್ಯಾಕಿನ ಮೇಲಲ್ಲ, ರೈತರು ಗಾಡಿ ಹೊಡೆಯುವ ಸಾರ್ವಜನಿಕ ರಸ್ತೆಯ ಮೇಲೆ. ಧೂಳು ಏಳದಂತೆ ರಸ್ತೆಗೆ ಎಣ್ಣೆ ಸುರಿದಿದ್ದರು. ನಾಯಿಗಳನ್ನು ಕಟ್ಟಿಹಾಕಿ, ಕೋಳಿಗಳನ್ನು ಕೂಡಿಹಾಕಿ ಎಂದು ಊರವರಿಗೆ ಮುನ್ನೆಚ್ಚರಿಕೆಯ ಕರಪತ್ರ ಹಂಚಿದ್ದರು. ‘ನಮ್ಮ ರಸ್ತೆಯಲ್ಲಿ ನಿಮ್ಮ ಆಟವೇನು?’ ಎಂದು ರೈತರು ಸಿಟ್ಟಾದದ್ದರಲ್ಲಿ ತಪ್ಪಿರಲಿಲ್ಲ. ಸುಮಾರು 28 ಮೈಲಿಯ ಸುತ್ತನ್ನು ಹತ್ತು ಬಾರಿ ಸುತ್ತಬೇಕಿತ್ತು. ಫ್ರಾನ್ಸಿನ ಪಾನಾರ್ ಕಾರಿನಲ್ಲಿ ಜಾರ್ಜ್ ಹೀತ್ ಗೆದ್ದರು. ಅದೇ ದಿನ ಮರ್ಸಿಡಿಸ್ ಕಾರೊಂದು ಮಗುಚಿ, ಅದರ ಚಾಲಕ ಬದುಕುಳಿದರು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಕಾರ್ಲ್ ಮೆನ್ಸೆಲ್ ಸತ್ತರು.

ಆ ಎರಡನೇ ಸೀಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಂದಿನ ರೇಸ್ ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಕೈಯಿಂದ ಪಂಪ್ ಹೊಡೆದು ಎಂಜಿನ್ನಿಗೆ ಆಯಿಲ್ ಕಳಿಸಬೇಕು, ಹಿಂದಿನಿಂದ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿ ಹೇಳಬೇಕು, ಟೈರ್ ಸವೆಯುತ್ತಿದೆಯೇ ಎಂದು ಗಮನಿಸುತ್ತಿರಬೇಕು, ಒಡೆದರೆ ಹಾರಿ ಇಳಿದು ಬದಲಿಸಬೇಕು. ಸ್ಟೀರಿಂಗ್ ಅವನ ಕೈಯಲ್ಲಿಲ್ಲ, ಸೀಟ್ ಬೆಲ್ಟ್ ಎಂಬುದೇ ಇಲ್ಲ. ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬ್ರೇಕಿನ ಕೆಲಸವನ್ನೇ ಮಾಡುವ ನನಗೆ, ಆ ಸೀಟಿನಲ್ಲಿ ಕೂತವನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೋ ಎಂದು ಯೋಚಿಸಿಯೇ ಬೆವರು ಬಂತು.

1905ರಲ್ಲೂ 1906ರಲ್ಲೂ ಕಪ್ ಫ್ರಾನ್ಸಿನ ಡರಾಕ್ ಕಾರಿನ ಪಾಲಾಯಿತು. 1906ರ ರೇಸಿಗೆ ಅಮೆರಿಕದ ಲೋಕೊಮೊಬೈಲ್ ಕಂಪನಿ, ಆಂಡ್ರ್ಯೂ ರೈಕರ್ ವಿನ್ಯಾಸ ಮಾಡಿದ ಹೊಸ ಕಾರನ್ನು ಕಳಿಸಿತು. ನಾಲ್ಕೇ ಸಿಲಿಂಡರ್, ಆದರೆ 16 ಲೀಟರಿಗೂ ಮಿಕ್ಕ ಎಂಜಿನ್. ಅಂದರೆ ಒಂದೊಂದು ಸಿಲಿಂಡರೂ ನಮ್ಮ ಇಂದಿನ ನಾಲ್ಕು ಸಣ್ಣ ಕಾರುಗಳ ಎಂಜಿನ್ನಿನಷ್ಟು. ಅಂದು ಅತಿ ವೇಗದ ಸುತ್ತು ಅದರದ್ದೇ. ಆದರೆ ಟೈರುಗಳು ಮತ್ತೆ ಮತ್ತೆ ಕೈಕೊಟ್ಟು ಹಿಂದೆ ಬಿತ್ತು. ಎರಡೂವರೆ ಲಕ್ಷ ಜನ ಸೇರಿದ್ದರೆಂಬ ಅಂದಾಜಿದೆ. ಜನ ರಸ್ತೆಯ ಮೇಲೇ ನಿಂತು, ಕಾರು ಹತ್ತಿರ ಬಂದಾಗ ಸರಿಯುತ್ತಿದ್ದರು. ಸರಿಯಲಾಗದ ಪ್ರೇಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 1907ರಲ್ಲಿ ರೇಸ್ ನಡೆಯಲಿಲ್ಲ.

ವಾಂಡರ್‌ಬಿಲ್ಟ್ ಆಗ ಬೇರೆ ದಾರಿ ಹುಡುಕಿದರು, ಅಕ್ಷರಶಃ. ಕಾರುಗಳಿಗಾಗಿಯೇ ಸ್ವಂತ ರಸ್ತೆ ಕಟ್ಟಿಸಿದರು. ಲಾಂಗ್ ಐಲೆಂಡ್ ಮೋಟಾರ್ ಪಾರ್ಕ್‌ವೇ ಎಂದು ಅದರ ಹೆಸರು. ಕಾಂಕ್ರೀಟ್ ಹಾಸು, ಅಡ್ಡರಸ್ತೆ ಬಂದಲ್ಲೆಲ್ಲ ಸೇತುವೆ, ತಿರುವಿನಲ್ಲಿ ಓರೆಯಾಗಿ ಎತ್ತರಿಸಿದ ಅಂಚು, ಹೋಗುವವರಿಗೆ ಟೋಲ್. ಇಂದು ನಾವು ಚೆನ್ನೈನಿಂದ ಬೆಂಗಳೂರಿಗೆ ಟೋಲ್ ಕಟ್ಟುತ್ತ ಹೋಗುವ ಹೆದ್ದಾರಿಗಳಲ್ಲಿ ಕಾಣುವ ಎಷ್ಟೋ ಸಂಗತಿಗಳು 1908ರಲ್ಲೇ ಅಲ್ಲಿದ್ದವು.

ಆ ವರ್ಷ ಅಕ್ಟೋಬರ್ 24ರಂದು, ಅರ್ಧಂಬರ್ಧ ಮುಗಿದ ಈ ರಸ್ತೆಯನ್ನೂ ಸೇರಿಸಿಕೊಂಡು ರೇಸ್ ನಡೆಯಿತು. ಎರಡು ವರ್ಷದ ಹಿಂದೆ ಸೋತಿದ್ದ ಅದೇ ಲೋಕೊಮೊಬೈಲ್ ಈಗ 16 ನಂಬರ್ ಹೊತ್ತು ಬಂತು. ಚಾಲಕ ಜಾರ್ಜ್ ರಾಬರ್ಟ್‌ಸನ್, ಪಕ್ಕದಲ್ಲಿ ಮೆಕ್ಯಾನಿಕ್ ಗ್ಲೆನ್ ಎಥ್ರಿಜ್. 258 ಮೈಲಿಯ ಓಟದ ಕೊನೆ ಹತ್ತಿರವಾದಾಗ ಟೈರ್ ಹೋಯಿತು. ಇಬ್ಬರೂ ಇಳಿದು ಬದಲಿಸಿ ಮತ್ತೆ ಹೊರಟರು. ಎರಡು ನಿಮಿಷಕ್ಕಿಂತ ಕಡಿಮೆ ಅಂತರದಲ್ಲಿ ಇಟಲಿಯ ಇಸೊಟ್ಟಾ ಕಾರನ್ನು ಹಿಂದಿಕ್ಕಿ ಗೆದ್ದರು. ವಾಂಡರ್‌ಬಿಲ್ಟ್ ಕಪ್ ಗೆದ್ದ ಮೊದಲ ಅಮೆರಿಕನ್ ಕಾರು ಅದು. ಸರಾಸರಿ ವೇಗ ಗಂಟೆಗೆ 64 ಮೈಲಿ, ಅಂದರೆ ನೂರು ಕಿಲೊಮೀಟರಿಗೂ ಹೆಚ್ಚು!

ಗೆದ್ದ ಕಾರು ನಾಲ್ಕಾರು ವರ್ಷದಲ್ಲಿ ಹಳೆಯ ಕಬ್ಬಿಣವಾಗುವುದು ಲೋಕರೂಢಿ. ಇದು ಉಳಿಯಿತು. ಮೊದಲು ರೈಕರ್ ಅವರೇ ಇಟ್ಟುಕೊಂಡಿದ್ದರು. 1941ರಲ್ಲಿ ಇದು ಪೀಟರ್ ಹೆಲ್ಕ್ ಎಂಬ ಚಿತ್ರಕಲಾವಿದರ ಕೈಸೇರಿತು. ಹುಡುಗನಾಗಿದ್ದಾಗಲೇ ಈ ರೇಸುಗಳನ್ನು ಕಣ್ಣಾರೆ ಕಂಡು ಮರುಳಾದವರು ಅವರು. ಆ ರೇಸುಗಳ ಚಿತ್ರ ಬರೆದರು, ಪುಸ್ತಕ ಬರೆದರು. ಕಾರನ್ನು ಮುಚ್ಚಿಡಲಿಲ್ಲ, ಓಡಿಸಿದರು. ಆದರೆ ಹೊಸ ಬಣ್ಣ ಮಾತ್ರ ಬಳಿಯಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. 1997ರಲ್ಲಿ ಕಾರು ಡಿಯರ್‌ಬಾರ್ನ್‌ಗೆ ಬಂತು.

ಮೋಟಾರ್ ಪಾರ್ಕ್‌ವೇ 1938ರಲ್ಲಿ ಮುಚ್ಚಿತು. ಟೋಲ್ ಇಲ್ಲದ ಸರ್ಕಾರಿ ರಸ್ತೆಗಳ ಎದುರು ಅದು ನಿಲ್ಲಲಿಲ್ಲ. ಕ್ವೀನ್ಸ್ ಭಾಗದ ತುಂಡು ಅದೇ ವರ್ಷ ಸೈಕಲ್ ದಾರಿಯಾಯಿತು, ಇಂದಿಗೂ ಇದೆ. ಹಳೆಯ ಟೋಲ್ ಮನೆಯೊಂದನ್ನು ಗಾರ್ಡನ್ ಸಿಟಿಯಲ್ಲಿ ಬೇರೆಡೆಗೆ ಸ್ಥಳಾಂತರಿಸಿ ಉಳಿಸಿದ್ದಾರೆ. ಬೆಳ್ಳಿಯ ಕಪ್ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಲಾಂಗ್ ಐಲೆಂಡಿನ ಸ್ಥಳೀಯ ಇತಿಹಾಸಕಾರರು, ಹವ್ಯಾಸಿಗಳು ಈಗಲೂ ಹಳೆಯ ಫೋಟೊಗಳನ್ನು ಹಿಡಿದು, ಈ ತಿರುವು ಯಾವ ಊರಿನದ್ದು, ಹಿಂದೆ ಕಾಣುವ ಮನೆ ಇನ್ನೂ ಇದೆಯೇ, ಎರಡನೇ ಸೀಟಿನಲ್ಲಿ ಕೂತಿರುವವನು ಯಾರು ಎಂದು ಹುಡುಕುತ್ತಾರೆ. ಅವರು ಕಾಪಾಡುವುದು ಗೆಲುವನ್ನಷ್ಟೇ ಅಲ್ಲ. 1910ರ ರೇಸಿನಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಸತ್ತರು, ಅನೇಕರು ಗಾಯಗೊಂಡರು. ಮರುವರ್ಷ ರೇಸ್ ದೂರದ ಸವಾನಾಕ್ಕೆ ಹೋಯಿತು. ಲಾಂಗ್ ಐಲೆಂಡಿನ ಊರ ರಸ್ತೆಗಳಿಗೆ ಮರಳಲಿಲ್ಲ. ಆ ಸತ್ತವರ ಹೆಸರುಗಳು, ಚಾರ್ಲ್ಸ್ ಮಿಲ್ಲರ್ ಮತ್ತು ಮ್ಯಾಥ್ಯೂ ಬೇಕನ್, ನನಗೆ ಸಿಕ್ಕಿದ್ದು ಇಂಥ ಆಸಕ್ತರು ದಾಖಲಿಸಿ ಇಟ್ಟಿದ್ದರಿಂದಲೇ.

ಈಗ ನೆಗ್ಗಿನ ವಿಷಯ.

ಪಿಯುಸಿಯಲ್ಲಿದ್ದಾಗ, ಅಪ್ಪ ಮಧ್ಯಾಹ್ನ ಮಲಗಿದ್ದ ಹೊತ್ತು ನೋಡಿ ಜಾವಾ ತೆಗೆದುಕೊಂಡು ಹೋಗಿದ್ದೆ. ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಕಡಕೊಳದ ಹತ್ತಿರ ಬೀಳಿಸಿದೆ. ನನಗೆ ಮೊಣಕೈ ತರಚಿತು, ಅಷ್ಟೆ. ಅವನ ಕೈ ಮುರಿಯಿತು. ಆ ವರ್ಷ ಅವನು ಪರೀಕ್ಷೆ ಬರೆಯಲಿಲ್ಲ. ಅಪ್ಪ ನನಗೆ ಹೊಡೆಯಲಿಲ್ಲ. ಕಟ್ಟು ಬಿಚ್ಚುವ ತನಕ ದಿನಾ ಸಂಜೆ ಅವನ ಮನೆಗೆ ಹೋಗಿ ಬರುತ್ತಿದ್ದರು. ಟ್ಯಾಂಕ್ ಸರಿ ಮಾಡಿಸಲ್ವಾ ಎಂದು ಅಮ್ಮ ಕೇಳಿದರೆ, ‘ಇರಲಿ ಬಿಡು, ಓಡೋಕೆ ಅದೇನೂ ಅಡ್ಡ ಬರಲ್ಲ’ ಎಂದರು. ಆಮೇಲೆ ರಜೆಗೆ ಊರಿಗೆ ಹೋದಾಗಲೆಲ್ಲ ಆ ನೆಗ್ಗು ನನ್ನನ್ನೇ ನೋಡಿದ ಹಾಗಾಗುತ್ತಿತ್ತು. ಅಪ್ಪನ ನೆನಪಿಗೆ ಗಾಡಿ ಹೊಸದು ಮಾಡಿಸುತ್ತೇನೆಂದು ಎಲ್ಲರಿಗೂ ಹೇಳಿಕೊಂಡಿದ್ದೆ. ನಿಜವಾಗಿ ನಾನು ಅಳಿಸಲು ಹೊರಟಿದ್ದು ನನ್ನ ತಪ್ಪನ್ನು.

ಆ ರಾತ್ರಿ ಹೋಟೆಲಿನಿಂದ ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

‘ಟ್ಯಾಂಕ್ ಆಗಲೇ ಟಿಂಕರ್ ಹತ್ರ ಕೊಟ್ಟಾಯ್ತಲ್ಲಣ್ಣ.’

‘ನೆಗ್ಗು ತೆಗೆದುಬಿಟ್ರಾ?’

‘ಇನ್ನೂ ಮುಟ್ಟಿಲ್ಲ. ನಾಳೆ ಮಾಡ್ತೀನಿ ಅಂದಿದ್ದಾರೆ.’

ಬೇಡ ಎಂದೆ. ಅವನಿಗೆ ಸಿಟ್ಟು ಬಂತು. ‘ತುಕ್ಕು ಹಿಡಿದ ಗಾಡಿ ಇಟ್ಕೊಂಡ್ರೆ ಅಪ್ಪಂಗೆ ಏನು ಮರ್ಯಾದೆ? ಊರಲ್ಲಿ ಇರೋನು ನಾನು. ನೋಡಿದೋರು ನನ್ನನ್ನ ಕೇಳ್ತಾರೆ’ ಎಂದ. ಅದೂ ನಿಜವೇ. ದೂರದಲ್ಲಿ ಕೂತು ಹಣ ಕಳಿಸುವುದು, ಮನಸ್ಸು ಬದಲಾದಾಗ ಅಪ್ಪಣೆ ಕೊಡುವುದು ನಮ್ಮಂಥವರಿಗೆ ಸುಲಭ. ಕಂಡದ್ದನ್ನೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ, ಆದರೆ ಟ್ಯಾಂಕ್ ವಾಪಸ್ ತಂದ.

ಕೊನೆಗೆ ಇಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಎಂಜಿನ್ ಬಿಚ್ಚಿಸಿದೆವು. ವೈರಿಂಗ್, ಟೈರ್, ಬ್ರೇಕ್ ಶೂ ಹೊಸದು ಹಾಕಿಸಿದೆವು; ಬ್ರೇಕಿನ ವಿಷಯದಲ್ಲಿ ನಾನು ಹಳೆಯದನ್ನು ಪೂಜಿಸುವವನಲ್ಲ. ಟ್ಯಾಂಕಿನ ಒಳಗಿನ ತುಕ್ಕು ತೆಗೆಸಿದೆವು. ಹೊರಗಿನ ಬಣ್ಣ, ಅಪ್ಪನ ಮೊಣಕಾಲು ತಾಗಿ ಸವೆದ ಜಾಗ, ಆ ನೆಗ್ಗು ಇದ್ದ ಹಾಗೇ ಇವೆ.

ಯುಗಾದಿಗೆ ಊರಿಗೆ ಹೋದಾಗ ಮಗಳು ಟ್ಯಾಂಕಿನ ಮೇಲೆ ಬೆರಳಾಡಿಸುತ್ತ, ‘ಇದು ಯಾರು ಮಾಡಿದ್ದಪ್ಪ?’ ಎಂದಳು. ನಾನು ಅಂದೆ, ಕಡಕೊಳದ ಹತ್ತಿರ ಅಂದೆ. ಹಿಂದೆ ಕೂತಿದ್ದವನ ಹೆಸರನ್ನೂ ಹೇಳಿದೆ.